ಕಿವಿಗೆ ಬಿದ್ದ ಹಾಡು, ಹುಡುಕಿಕೊಂಡು ಹೋದ ಹಾಡು

ಕೊಲ್ಹಾಪುರ ಜಿಲ್ಲೆಯ ಸಂಗೀತಪ್ರಿಯರು ದಿನವೂ ಹಾಡು ಕೇಳುವ ರೂಢಿಯಲ್ಲಿ ಮೂರು ಬಗೆಯುಂಟು. ಬೇಕೋ ಬೇಡವೋ ಕಿವಿಗೆ ಬೀಳುವುದು ಒಂದು, ಗುಂಡಿ ತಿರುಗಿಸಿ ಹಿಡಿದು ಕೇಳುವುದು ಇನ್ನೊಂದು, ಎದ್ದು ಹೋಗಿ ಕೂತು ಕೇಳುವುದು ಮತ್ತೊಂದು. ಇಚಲಕರಂಜಿ ಮೊದಲನೆಯದಕ್ಕೆ, ಗಡಹಿಂಗ್ಲಜ ಎರಡನೆಯದಕ್ಕೆ, ಕೊಲ್ಹಾಪುರ ಮೂರನೆಯದಕ್ಕೆ ಸೇರಿದ ಊರು ಎಂದರೆ ಪೂರ್ತಿ ನಿಜವಾಗಲಿಕ್ಕಿಲ್ಲ, ತೀರಾ ಸುಳ್ಳೂ ಆಗುವುದಿಲ್ಲ.

ಈ ಸೀಮೆಯ ಮನೆಗಳಿಗೆ ಎರಡು ನಾಲಿಗೆ. ಶಾಲೆ, ಕಚೇರಿ, ಪೇಪರು ಮರಾಠಿ. ಗಡಹಿಂಗ್ಲಜ, ಶಿರೋಳ, ಹಾತಕಣಂಗಲೆ ತಾಲ್ಲೂಕುಗಳ ಎಷ್ಟೋ ಲಿಂಗಾಯತ, ಜೈನ, ಕುರುಬ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ. ಕನ್ನಡವನ್ನು ಓದಲು ಬಾರದವರೂ ಕನ್ನಡ ಹಾಡನ್ನು ಬಾಯಿಪಾಠ ಹೇಳುತ್ತಾರೆ. ಸಂಜೆಯ ಭಜನೆಯಲ್ಲಿ ಶಿಶುನಾಳ ಶರೀಫರ ತತ್ವಪದ ಮುಗಿದ ಮೇಲೆ ಮನ್ಮಥ ಸ್ವಾಮಿಗಳ ಮರಾಠಿ ಅಭಂಗ ಬರುತ್ತದೆ. ಹಾರ್ಮೋನಿಯಂ ಅದೇ, ತಾಳವೂ ಅದೇ. ಪದದ ಭಾಷೆ ಬದಲಾಯಿತೆಂದು ಯಾರೂ ತಲೆ ಎತ್ತಿ ನೋಡುವುದಿಲ್ಲ.

ಕನ್ನಡ ಅಕ್ಷರ ಕಲಿಯದ ಕಿವಿಗೆ ಕನ್ನಡ ಹಾಡು ತಲುಪಿಸಿದ್ದರಲ್ಲಿ ರೇಡಿಯೊದ ಪಾಲು ದೊಡ್ಡದು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಸಾಂಗಲಿ ಕೇಂದ್ರ ಬಂದದ್ದು 1963ರಲ್ಲಿ. ನಡುವಿನ ಹದಿಮೂರು ವರ್ಷ ಗಡಹಿಂಗ್ಲಜದ ಮಟ್ಟಿಗೆ ಕನ್ನಡ ಹಾಡಿನ ಹತ್ತಿರದ ಆಕಾಶವಾಣಿ ಕೇಂದ್ರವೆಂದರೆ ಧಾರವಾಡವೇ. ಹಿರಣ್ಯಕೇಶಿ ಹೊಳೆ ಗಡಹಿಂಗ್ಲಜದಿಂದ ಸಂಕೇಶ್ವರದ ಕಡೆ ಹರಿದರೆ, ಗಾಳಿಯಲ್ಲಿ ಹಾಡು ಅದರ ಎದುರು ದಿಕ್ಕಿಗೆ ಬರುತ್ತಿತ್ತು. ಧಾರವಾಡ 765 ಕಿಲೋಹರ್ಟ್ಸ್‌ನಲ್ಲಿ, ಸಾಂಗಲಿ 1251ರಲ್ಲಿ ಎಂಬುದನ್ನು ಹಳಬರು ಅಂಕಿಯಿಂದ ನೆನಪಿಟ್ಟವರಲ್ಲ. ಮುಳ್ಳು ನಿಲ್ಲುವ ಜಾಗದಲ್ಲಿ ಗಾಜಿನ ಮೇಲೆ ಪೆನ್ನಿನ ಗೆರೆ ಎಳೆದಿಟ್ಟವರು. ಮಧ್ಯಮ ತರಂಗ ಹಗಲು ನೆಲ ಹಿಡಿದು ಬರುತ್ತದೆ, ಕತ್ತಲಾದ ಮೇಲೆ ಅಯಾನುಗೋಳಕ್ಕೆ ತಾಗಿ ಮರಳುತ್ತದೆ. ಹಾಗಾಗಿ ಬೆಳಿಗ್ಗೆ ತಿಳಿಯಾಗಿ ಕೇಳಿದ ಭಾವಗೀತೆ ರಾತ್ರಿಯಾದರೆ ಎಲ್ಲಿಂದಲೋ ತೇಲಿ ಬಂದ ಇನ್ನೊಂದು ಕೇಂದ್ರದ ಸುದ್ದಿಯೊಂದಿಗೆ ಗುದ್ದಾಡುತ್ತಿತ್ತು. ರೇಡಿಯೊವನ್ನು ಅತ್ತ ಇತ್ತ ಹೊರಳಿಸಿ, ಗೋಡೆಗೆ ಆನಿಸಿ, ಧ್ವನಿ ಸರಿಯಾಗುವ ಒಂದು ಮೂಲೆ ಹುಡುಕಿ ಕೂರುವುದೂ ಸಂಗೀತ ಕೇಳುವುದರ ಒಂದು ಭಾಗವಾಗಿತ್ತು.

ಶಿರೋಳ ತಾಲ್ಲೂಕಿನ ಸೈನಿಕ ಟಾಕಳಿಯಂಥ ಊರಲ್ಲಿ ಹೆಚ್ಚುಕಡಿಮೆ ಮನೆಗೊಬ್ಬ ಸೈನಿಕ. ವಿವಿಧ ಭಾರತಿಯ ‘ಜಯಮಾಲಾ’ ಸೈನಿಕರಿಗೆಂದೇ ಇರುವ ಕಾರ್ಯಕ್ರಮ. ಗಡಿಯ ಠಾಣ್ಯದಲ್ಲಿ ಮಗ, ಊರ ಕಟ್ಟೆಯಲ್ಲಿ ಅಪ್ಪ ಒಂದೇ ಗಳಿಗೆಗೆ ಒಂದೇ ಹಾಡು ಕೇಳಬಹುದಾದ ಏರ್ಪಾಡು ಅದು. ಫೋನಿಲ್ಲದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಇಚಲಕರಂಜಿಯ ಕಥೆ ಬೇರೆ. ಅಲ್ಲಿ ಮೊದಲು ಕೇಳುವುದು ಮಗ್ಗ. ವಿಠ್ಠಲರಾವ್ ದಾತಾರ ಎಂಬುವರು 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದ ಮೇಲೆ ಊರು ಬೆಳೆದದ್ದೆಲ್ಲ ಅದೇ ಸದ್ದಿನ ಸುತ್ತ. ಹಳೆಯ ಮಾದರಿಯ ಮಗ್ಗದಲ್ಲಿ ಲಾಳಿಯನ್ನು ಒಂದು ಕಡೆಯಿಂದ ಬಡಿದು ಇನ್ನೊಂದು ಕಡೆಗೆ ಹಾರಿಸುತ್ತಾರೆ. ಒಂದು ಶೆಡ್ಡಿನಲ್ಲಿ ಇಂಥವು ಹತ್ತಾರು. ಸದ್ದು 90 ಡೆಸಿಬೆಲ್ ದಾಟುತ್ತದೆ. ಹನ್ನೆರಡು ತಾಸಿನ ಪಾಳಿ. ಮಾತು ಕೈಸನ್ನೆಯಲ್ಲೇ ಆಗುವ ಜಾಗದಲ್ಲಿ ಹಾಡಿಗೆ ಎಡೆಯೆಲ್ಲಿ? ಆದರೂ ಕಿವಿಯೊಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು ಸಿಗುತ್ತಾರೆ. ವಿಜಯಪುರ, ಬೆಳಗಾವಿ ಕಡೆಯಿಂದ ಬಂದವನ ಫೋನಿನಲ್ಲಿ ಜಾನಪದ, ಬಿಹಾರದಿಂದ ಬಂದವನ ಫೋನಿನಲ್ಲಿ ಭೋಜಪುರಿ. ಮಗ್ಗದ ಸದ್ದನ್ನು ಮೀರಿಸಲು ವಾಲ್ಯೂಮನ್ನು ಕೊನೆಯ ಗೆರೆಗೆ ಏರಿಸಬೇಕು; ಆಗ ಕಿವಿಗೆ ಬೀಳುವ ಪೆಟ್ಟು ಎರಡು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ತಾಸು, 90 ಆದರೆ ಬರೀ 4 ತಾಸು ಕೇಳಬಹುದು. ಮಗ್ಗದವನ ನಾಲ್ಕು ತಾಸು ಸೋಮವಾರ ಮಧ್ಯಾಹ್ನದ ಊಟದ ಹೊತ್ತಿಗೇ ಮುಗಿದಿರುತ್ತದೆ. ಹಾಡಿನ ಮೋಹಕ್ಕೆ ಕಿವಿಯನ್ನೇ ತೆರುವ ಈ ರೂಢಿಯನ್ನು ಯಾವ ರಸಿಕತೆಯ ಹೆಸರಿನಲ್ಲೂ ಹೊಗಳುವಂತಿಲ್ಲ.

ಮಗ್ಗದ ಇದೇ ಊರಿನ ಹೆಸರು ಹಿಂದೂಸ್ತಾನಿ ಸಂಗೀತದ ಚರಿತ್ರೆಯಲ್ಲಿ ಒಬ್ಬ ಗಾಯಕನ ಹೆಸರಿಗೆ ಅಂಟಿಕೊಂಡಿದೆ. ಗ್ವಾಲಿಯರ್ ಗಾಯನಶೈಲಿಯನ್ನು ಉತ್ತರದಿಂದ ಮಹಾರಾಷ್ಟ್ರಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜಿಕರ (1849–1926) ಇಲ್ಲಿಯ ಘೋರ್ಪಡೆ ಜಹಗೀರಿಯ ಆಸ್ಥಾನ ಗಾಯಕರು. ಕುರುಂದವಾಡದಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ಮಿರಜಿನಲ್ಲಿ ಇವರ ಕೈಯಲ್ಲಿ ಕಲಿತು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಬಾಲಕೃಷ್ಣಬುವಾರ ಇನ್ನೊಬ್ಬ ಶಿಷ್ಯ ಮಿರಜಿನ ನೀಲಕಂಠಬುವಾ ಆಲೂರಮಠ. ಅವರಲ್ಲಿ ಕಲಿತವರು ಮಲ್ಲಿಕಾರ್ಜುನ ಮನ್ಸೂರ ಮತ್ತು ಗದಗಿನ ಪಂಚಾಕ್ಷರಿ ಗವಾಯಿ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಪುಟ್ಟರಾಜ ಗವಾಯಿ; ಅವರ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಇವತ್ತಿನ ಎಂ. ವೆಂಕಟೇಶಕುಮಾರ. ವಚನ, ದಾಸರ ಪದ ಎಂದರೆ ಈ ಸೀಮೆಯ ಕನ್ನಡಿಗರು ಫೋನಿನಲ್ಲಿ ಮೊದಲು ಹುಡುಕುವ ಹೆಸರುಗಳಲ್ಲಿ ಅವರದೂ ಒಂದು. ಇಚಲಕರಂಜಿಯಲ್ಲಿ ಕೂತು ವೆಂಕಟೇಶಕುಮಾರರನ್ನು ಕೇಳುವವನು ತನ್ನೂರಿನಿಂದ ಮಿರಜಿಗೆ, ಮಿರಜಿನಿಂದ ಗದಗಿಗೆ ಹೋದ ಗಾಯನಶೈಲಿಯೊಂದು ನಾಲ್ಕು ತಲೆಮಾರು ದಾಟಿ ಮನೆಗೆ ಮರಳಿದ್ದನ್ನು ಕೇಳುತ್ತಿರುತ್ತಾನೆ. ಇದು ಅವನಿಗೆ ಗೊತ್ತಿರಬೇಕೆಂದೇನೂ ಇಲ್ಲ.

ನವೆಂಬರಿನಿಂದ ಮಾರ್ಚಿನ ತನಕ ಕಿವಿಗೆ ಬೀಳುವ ಹಾಡಿನ ದೊಡ್ಡ ಗುತ್ತಿಗೆದಾರ ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೇಲರ್ ತುಂಬ ಕಬ್ಬು, ಚಾಲಕನ ತಲೆಯ ಮೇಲೆ ಕಟ್ಟಿದ ಸ್ಪೀಕರ್ ಡಬ್ಬಿ, ಪೆನ್‌ಡ್ರೈವ್ ತುಂಬ ಹಾಡು. ಗಡಹಿಂಗ್ಲಜದ ರಸ್ತೆಯಲ್ಲಿ ನಡುರಾತ್ರಿ ಹೋಗುವ ಟ್ರ್ಯಾಕ್ಟರು ಯಾವ ಊರಿನದೆಂದು ಅದರ ಹಾಡಿನ ಮೇಲೆ ಹೇಳಬಹುದು ಎನ್ನುವವರಿದ್ದಾರೆ. ಎಷ್ಟೋ ಸಲ ಆ ಲೆಕ್ಕ ತಪ್ಪುತ್ತದೆ. ಸಂಕೇಶ್ವರದ ಕಡೆಯ ಚಾಲಕ ಮರಾಠಿ ಹಾಕಿರುತ್ತಾನೆ, ಆಜರೆ ಕಡೆಯವನು ಕನ್ನಡ ಜಾನಪದ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಈ ‘ಡಿಜೆ ಜಾನಪದ’ ಕಳೆದ ಹತ್ತು ವರ್ಷಗಳಲ್ಲಿ ತನ್ನದೇ ಒಂದು ಉದ್ಯಮವಾಗಿ ಬೆಳೆದಿದೆ. ದೊಡ್ಡ ಕಂಪನಿ ಇಲ್ಲ, ಸಿನಿಮಾ ಇಲ್ಲ. ಹಳ್ಳಿಯ ಹುಡುಗ ಹಾಡು ಕಟ್ಟಿ, ಊರ ಹತ್ತಿರದ ಸ್ಟುಡಿಯೊದಲ್ಲಿ ಹಾಡಿ, ಯೂಟ್ಯೂಬಿಗೆ ಬಿಡುತ್ತಾನೆ. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಅವರ ‘ನಾ ಡ್ರೈವರ’ ಹಾಡು ಕರ್ನಾಟಕವನ್ನೆಲ್ಲ ಸುತ್ತಿತು. ವಸ್ತು ಹೆಚ್ಚಾಗಿ ಒಂದೇ: ಕೈಬಿಟ್ಟ ಹುಡುಗಿ, ಟ್ರ್ಯಾಕ್ಟರು, ಗೆಳೆಯರು, ಊರ ಜಾತ್ರೆ. ಹತ್ತರಲ್ಲಿ ಏಳು ಹಾಡು ಒಂದೇ ಅಚ್ಚಿನವು. ಉಳಿದ ಮೂರರಲ್ಲಿ ಮಾತ್ರ ಬೇರೆಲ್ಲೂ ಸಿಗದ ಉತ್ತರ ಕರ್ನಾಟಕದ ಮಾತಿನ ಮೊನಚು ಇರುತ್ತದೆ, ಕೇಳುಗರು ಅವನ್ನು ತಪ್ಪದೆ ಹೆಕ್ಕಿ ಇಟ್ಟುಕೊಳ್ಳುತ್ತಾರೆ.

ಮರಾಠಿಯಲ್ಲಿ ಇದೇ ಕಾಲದ ತಿರುವು 2016. ಏಪ್ರಿಲ್‌ನಲ್ಲಿ ‘ಸೈರಾಟ್’ ಬಂತು, ಸೆಪ್ಟೆಂಬರಿನಲ್ಲಿ ಜಿಯೊ ಬಂತು. ಅಜಯ್–ಅತುಲ್ ಜೋಡಿಯ ‘ಝಿಂಗಾಟ್’ ಅಗ್ಗದ ಡೇಟಾದ ಮೊದಲ ದಿನಗಳಲ್ಲಿ ಎಲ್ಲರ ಕೈಯಲ್ಲೂ ಇದ್ದ ಹಾಡು. ಮರುವರ್ಷ ಅದೇ ಚಿತ್ರ ಕನ್ನಡದಲ್ಲಿ ‘ಮನಸು ಮಲ್ಲಿಗೆ’ಯಾಯಿತು, ನಾಯಕಿ ರಿಂಕು ರಾಜಗುರು ಅವರೇ, ಧಾಟಿಗಳೂ ಅವೇ. ಈ ಸೀಮೆಯಲ್ಲಿ ಮರಾಠಿಯದೇ ಮೊದಲು ಕಿವಿಗೆ ಹತ್ತಿತ್ತು. ಕನ್ನಡದ ಸಾಲು ಆ ಧಾಟಿಯ ಮೇಲೆ ಎರವಲು ಅಂಗಿಯಂತೆ ಕಂಡಿತು. 2022ರ ‘ಚಂದ್ರಮುಖಿ’ಯ ಲಾವಣಿ, 2024ರಲ್ಲಿ ಸಂಜು ರಾಠೋಡ್ ಅವರ ‘ಗುಲಾಬಿ ಸಾಡಿ’ ಮದುವೆ ಮನೆಗಳನ್ನು ಹಿಡಿದವು. ಕನ್ನಡದ ಕಡೆಯಿಂದ ‘ಕಾಂತಾರ’ದ ಅಜನೀಶ್ ಲೋಕನಾಥ್ ಸಂಗೀತ, 2024ರ ‘ಕೃಷ್ಣಂ ಪ್ರಣಯ ಸಖಿ’ಯ ಹಾಡುಗಳು ಗಡಿ ದಾಟಿದವು. ಈ ಮೆಚ್ಚಿಗೆಯ ಆಯುಸ್ಸು ಒಂದು ಮದುವೆ ಹಂಗಾಮು. ಮುಂದಿನ ವರ್ಷಕ್ಕೆ ಬೇರೆ ಪಟ್ಟಿ.

ಪಟ್ಟಿಯಿಂದ ಜಾರದೆ ಉಳಿದದ್ದು ‘ಜೋಗವಾ’. ಯಲ್ಲಮ್ಮನಿಗೆ ಬಿಟ್ಟ ಜೋಗತಿ–ಜೋಗಪ್ಪರ ಬದುಕಿನ ಮೇಲಿನ ಮರಾಠಿ ಚಿತ್ರ ಅದು. ಗಡಹಿಂಗ್ಲಜ ತಾಲ್ಲೂಕಿನವರಾದ ರಾಜನ್ ಗವಸ ಅವರ ‘ಚೌಂಡಕ’ ಕಾದಂಬರಿ ಅದರ ಮೂಲಗಳಲ್ಲಿ ಒಂದು. 2008ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಂಗೀತಕ್ಕೆ ಅಜಯ್–ಅತುಲ್, ಹಾಡಿಗೆ ಹರಿಹರನ್ ಮತ್ತು ಶ್ರೇಯಾ ಘೋಷಾಲ್, ಮೂರೂ ಗೌರವ ಈ ಒಂದೇ ಚಿತ್ರಕ್ಕೆ ಬಂತು. ಚೌಂಡಕ ಎಂದರೆ ಕನ್ನಡದ ಚೌಡಿಕೆ. ಪಾವಿನಂಥ ಮರದ ಕೊಳವಿ, ತಳಕ್ಕೆ ಬಿಗಿದ ತೊಗಲು, ತೊಗಲಿನ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಯ ಬಿರಟೆಗೆ ಸುತ್ತಿದ ಒಂದೇ ತಂತಿ. ಕೊಳವಿಯನ್ನು ಕಂಕುಳಲ್ಲಿ ಅವುಚಿ ತಂತಿ ಮೀಟಿದರೆ ಬರುವ ಧ್ವನಿ ಸ್ವರವೂ ಹೌದು, ಪೆಟ್ಟೂ ಹೌದು. ಮಾರ್ಗಶಿರದ ಹುಣ್ಣಿಮೆಗೆ ಕೊಲ್ಹಾಪುರ ಜಿಲ್ಲೆಯಿಂದ ಸವದತ್ತಿಗೆ ಎಸ್.ಟಿ. ಬಸ್ಸುಗಳ ಸಾಲೇ ಹೊರಡುತ್ತದೆ. ಒಳಗೆ ಚೌಡಿಕೆಯ ಪದ ಒಂದು ನುಡಿ ಮರಾಠಿಯಲ್ಲಿ, ಮರುನುಡಿ ಕನ್ನಡದಲ್ಲಿ. ಇಚಲಕರಂಜಿಗೆ ಹತ್ತಿರದ ಪಟ್ಟಣಕೊಡೋಲಿಯಲ್ಲಿ ವಿಠ್ಠಲ–ಬೀರದೇವರ ಜಾತ್ರೆಯೂ ಹೀಗೆಯೇ: ಭಂಡಾರದ ಹಳದಿ ಧೂಳಿನ ನಡುವೆ ಧನಗರರ ಓವಿ, ಕುರುಬರ ಡೊಳ್ಳಿನ ಪದ. ಮರಾಠಿ ಲಾವಣಿಯ ಕಲ್ಗಿ–ತುರಾ ಪಂಗಡಗಳೇ ಕನ್ನಡದ ನಾಗೇಶಿ–ಹರದೇಶಿ. ಶಕ್ತಿ ಹೆಚ್ಚೋ ಶಿವ ಹೆಚ್ಚೋ ಎಂಬ ಜಗಳ ಎರಡೂ ಭಾಷೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಕೊಲ್ಹಾಪುರಕ್ಕೆ ಬಂದರೆ ಎದ್ದು ಹೋಗಿ ಕೇಳುವ ಚಟ ಶುರುವಾಗುತ್ತದೆ. ಶಾಹು ಮಹಾರಾಜರು 1895ರಲ್ಲಿ ಉಸ್ತಾದ್ ಅಲ್ಲಾದಿಯಾ ಖಾನರನ್ನು (1855–1946) ಆಸ್ಥಾನಕ್ಕೆ ಕರೆಸಿಕೊಂಡರು. ಜೈಪುರ–ಅತ್ರೌಲಿ ಎಂದು ಹೆಸರಾದ ಘರಾನೆಯ ಬಹುಪಾಲು ಬೆಳೆದದ್ದು ಜೈಪುರದಲ್ಲಲ್ಲ, ಕೊಲ್ಹಾಪುರದಲ್ಲಿ. ಮಹಾರಾಜರು 1922ರಲ್ಲಿ ತೀರಿಕೊಂಡ ಮೇಲೆ ಖಾನಸಾಹೇಬರು ಮುಂಬೈಗೆ ಹೋದರು. ಮಗ ಭುರ್ಜಿಖಾನರು ಕೊಲ್ಹಾಪುರದಲ್ಲೇ ಉಳಿದು ಮಹಾಲಕ್ಷ್ಮಿ ಗುಡಿಯಲ್ಲಿ ಹಾಡಿನ ಸೇವೆ ಮಾಡಿದರು. ಅಂಬಾಬಾಯಿ ಎಂದೇ ಕರೆಯುವ ಆ ದೇವಿಯ ದರ್ಶನಕ್ಕೆ ಬಂದ ಹೆಂಗಸು ಕುಂಕುಮ ಹಚ್ಚಿಕೊಳ್ಳುತ್ತ ಜೈಪುರ ಘರಾನೆಯ ಆಲಾಪ ಕೇಳಿ ಮನೆಗೆ ಹೋಗುತ್ತಿದ್ದಳು. ಟಿಕೇಟು ಕೊಟ್ಟು ಕೇಳಬೇಕಾದ ಸಂಗೀತ ಇಲ್ಲಿ ಹೂವು–ಪತ್ರಿಯ ಜೊತೆ ಸಿಗುತ್ತಿತ್ತು. ಕೇಸರಬಾಯಿ ಕೇರ್ಕರರ ಶಿಷ್ಯೆ ಧೋಂಡುತಾಯಿ ಕುಲಕರ್ಣಿ, ವಾಮನರಾವ್ ಸಡೋಲಿಕರ, ಅವರ ಮಗಳು ಶ್ರುತಿ ಸಡೋಲಿಕರ ಎಲ್ಲರೂ ಹುಟ್ಟಿದ್ದು ಇದೇ ಊರಲ್ಲಿ.

ಧಾರವಾಡದ ಮನ್ಸೂರರು 1935ರ ಸುಮಾರಿಗೆ ಅಲ್ಲಾದಿಯಾ ಖಾನರ ಇನ್ನೊಬ್ಬ ಮಗ ಮಂಜಿಖಾನರ ಶಿಷ್ಯರಾದರು. ಎರಡೇ ವರ್ಷಕ್ಕೆ ಗುರು ತೀರಿಕೊಂಡಾಗ ಭುರ್ಜಿಖಾನರ ಬಳಿ ಮುಂದುವರಿಸಿದರು. ಕಲಿತದ್ದನ್ನು ಅವರು ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರಾಗಿಯೂ ಹಂಚಿದರು. ಕೊಲ್ಹಾಪುರದ ಗಂಟು 765ರ ಮುಳ್ಳಿನ ಮೇಲೆ ಮತ್ತೆ ಗಡಹಿಂಗ್ಲಜಕ್ಕೆ ಬಂದದ್ದು ಹೀಗೆ.

ಕೊಲ್ಹಾಪುರದ ಸಂಗೀತ ಸಂಸ್ಥೆಯಾದ ದೇವಲ್ ಕ್ಲಬ್ಬಿನ ಬೈಠಕ್ಕಿಗೆ ಹೋಗುವ ಹಳೆಯ ಕೇಳುಗರನ್ನು ದೂರದಿಂದಲೇ ಗುರುತಿಸಬಹುದು. ತಂಬೂರಿ ಶ್ರುತಿಯಾಗುತ್ತಿರುವಾಗ ಮಾತು ನಿಲ್ಲಿಸುವವರು ಅವರು. ಹೊಸಬರು ಗಾಯಕ ಬಾಯಿ ತೆರೆದ ಮೇಲೆ ನಿಲ್ಲಿಸುತ್ತಾರೆ. ಜೈಪುರದವರ ಕೈಯಲ್ಲಿ ಅಪರೂಪದ, ಜೋಡು ರಾಗಗಳು ಹೆಚ್ಚು: ಖೋಕರ್, ಬಸಂತಿ ಕೇದಾರ, ಸಂಪೂರ್ಣ ಮಾಲಕೌಂಸ್, ನಟಬಿಹಾಗ. ರಾಗದ ಹೆಸರನ್ನು ವೇದಿಕೆಯಿಂದ ಹೇಳುವ ಮೊದಲೇ ಪಕ್ಕದವನ ಕಿವಿಯಲ್ಲಿ ಉಸುರಿ ಗೆಲ್ಲುವುದು ಇಲ್ಲಿಯ ಒಳ ಆಟ. ಬೆರಳ ಗಿಣ್ಣಿನ ಮೇಲೆ ಮಾತ್ರೆ ಎಣಿಸುತ್ತ, ಹದಿನಾರು ದಾಟಿ ಸಮಕ್ಕೆ ಬಂದಾಗ ಹತ್ತಾರು ತಲೆ ಒಟ್ಟಿಗೆ ಬಾಗುತ್ತವೆ. ಎಲ್ಲಿ ‘ವಾಹ್’ ಎನ್ನಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಹಿರಿಯರ ಪಕ್ಕ ಕೂತು ಅವರ ಮೊಣಕಾಲ ಮೇಲಿನ ಕೈಯನ್ನು ನೋಡಿಯೇ ಕಲಿಯಬೇಕು. ಇಯರ್‌ಫೋನಿನ ಕೇಳುಗನಿಗೆ ತಪ್ಪಿಹೋದದ್ದು ಇದೇ. ಅವನಿಗೆ ಬೈಠಕ್ಕಿನ ಹಿರಿಯರಿಗಿಂತ ಹೆಚ್ಚು ಸಂಗೀತ ಸಿಕ್ಕಿದೆ, ಪಕ್ಕದ ಮೊಣಕಾಲು ಸಿಕ್ಕಿಲ್ಲ.

ಯಂತ್ರದಿಂದ ಕೇಳುವುದನ್ನು ಹಾಗೆಂದು ಹಗುರ ಮಾಡುವಂತೆಯೂ ಇಲ್ಲ. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಅಂಗಡಿಯಲ್ಲಿ ಕಿವಿಗೆ ಬಿದ್ದದ್ದೇ ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಮನೆ ಬಿಟ್ಟು ಓಡಲು ಒಂದು ಕಾರಣ. ಧಾರವಾಡದಲ್ಲಿ ಗಂಗೂಬಾಯಿ ಹಾನಗಲ್ಲರೂ ಬಾಲ್ಯದಲ್ಲಿ ಗ್ರಾಮಫೋನಿನ ಧ್ವನಿಗೆ ಬೀದಿಗೆ ಓಡಿದವರೇ. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಒಂದು ತಾಸಿನ ರಾಗವನ್ನು ಅಷ್ಟರಲ್ಲಿ ಅದುಮಬೇಕು. ಭೀಮಸೇನರು ಮುಂದೆ ದಾಸವಾಣಿ, ಸಂತವಾಣಿ ಎರಡನ್ನೂ ಹಾಡಿದರು. ಗಡಹಿಂಗ್ಲಜದ ಮನೆಗಳಲ್ಲಿ ಶುಕ್ರವಾರ ಅವರ ಧ್ವನಿಯ ಪುರಂದರದಾಸರ ಲಕ್ಷ್ಮಿಯ ಪದ, ಆಷಾಢದ ಏಕಾದಶಿಗೆ ಅದೇ ಧ್ವನಿಯ ವಿಠ್ಠಲನ ಅಭಂಗ. ಹಳೆಯ ಕ್ಯಾಸೆಟ್ಟಿನ ಜಾಗಕ್ಕೆ 5000 ಹಾಡು ತುಂಬಿದ ಕಾರವಾನ್ ಪೆಟ್ಟಿಗೆ ಬಂದಿದೆ. ಮಕ್ಕಳು ಅಪ್ಪ–ಅಮ್ಮನಿಗೆ ಕೊಡುವ ಉಡುಗೊರೆಗಳಲ್ಲಿ ಅದೀಗ ಸಾಮಾನ್ಯ.

ಸಿನಿಮಾ ಹಾಡಿನ ವಿಷಯದಲ್ಲಿ ಕೊಲ್ಹಾಪುರದವರಿಗೆ ಸ್ವಲ್ಪ ಬಿಗುಮಾನ ಜಾಸ್ತಿ, ಕಾರಣವೂ ಇದೆ. ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಇಲ್ಲಿ ಹುಟ್ಟಿತು. ‘ಗೀತ ರಾಮಾಯಣ’ಕ್ಕೆ ಸ್ವರ ಕೂಡಿಸಿ ಹಾಡಿದ ಸುಧೀರ ಫಡಕೆ (ಜನನ 1919) ಇಲ್ಲಿಯವರು, ಪುಣೆ ಆಕಾಶವಾಣಿಯಿಂದ 1955ರ ಏಪ್ರಿಲ್‌ನಿಂದ ಒಂದು ವರ್ಷ ಬಿತ್ತರವಾದ ಆ 56 ಹಾಡುಗಳು ಕನ್ನಡಕ್ಕೂ ಬಂದವು. ತಂದೆ ಹೋದ ಮೇಲೆ ಮನೆಯ ಭಾರ ಹೊತ್ತ ಲತಾ ಮಂಗೇಶ್ಕರ್ ಮಾಸ್ಟರ್ ವಿನಾಯಕರ ಕಂಪನಿಯಲ್ಲಿ ದುಡಿದದ್ದು ಇದೇ ಊರಲ್ಲಿ. ಭಾಲಜಿ ಪೆಂಢಾರಕರರ ಚಿತ್ರಗಳಿಗೆ ಅವರು ‘ಆನಂದಘನ’ ಎಂಬ ಮರೆಹೆಸರಿನಲ್ಲಿ ಸಂಗೀತ ಕೊಟ್ಟರು. ‘ಸಾಧಿ ಮಾಣಸಂ’ (1965) ಚಿತ್ರಕ್ಕೆ ರಾಜ್ಯ ಪ್ರಶಸ್ತಿ ಬಂದಾಗ ಗುಟ್ಟು ರಟ್ಟಾಯಿತು. 1967ರಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ಕ್ಕಾಗಿ ಕನ್ನಡದಲ್ಲೂ ಹಾಡಿದರು.

ನಾಟ್ಯಗೀತೆಯ ಮನೆಯೂ ಇಲ್ಲಿತ್ತು. ಗಾಯಕ ನಟ ಕೇಶವರಾವ್ ಭೋಸಲೆ (1890–1921) ಕೊಲ್ಹಾಪುರದವರು. ಅವರ ‘ಲಲಿತಕಲಾದರ್ಶ’ ಕಂಪನಿ ಹುಟ್ಟಿದ್ದು 1908ರಲ್ಲಿ, ಹುಬ್ಬಳ್ಳಿಯಲ್ಲಿ. ಶಾಹು ಮಹಾರಾಜರು 1915ರಲ್ಲಿ ಕಟ್ಟಿಸಿದ ಪ್ಯಾಲೇಸ್ ಥಿಯೇಟರಿಗೆ ಮುಂದೆ ಭೋಸಲೆಯವರ ಹೆಸರನ್ನೇ ಇಟ್ಟರು. ಅದರ ಮಗ್ಗುಲಲ್ಲೇ 1912ರ ಖಾಸಬಾಗ್ ಕುಸ್ತಿ ಮೈದಾನ. ಒಂದು ಕಡೆ ಆರ್ಗನ್ನಿನ ಮೇಲೆ ನಾಟ್ಯಪದ, ಇನ್ನೊಂದು ಕಡೆ ಪೈಲವಾನರ ರಕ್ತ ಕುದಿಸುವ ಹಲಗಿ, ಘುಮಕೆ, ಕೈತಾಳ. ನಡುವೆ ಒಂದು ಗೋಡೆ. 2024ರ ಆಗಸ್ಟ್ 8ರ ರಾತ್ರಿ ನಾಟ್ಯಗೃಹ ಬೆಂಕಿಗೆ ಆಹುತಿಯಾಯಿತು. ಮರುದಿನ ಭೋಸಲೆಯವರ ಜಯಂತಿ.

ಗಣೇಶನ ಹತ್ತು ದಿನ ಎಲ್ಲ ಲೆಕ್ಕವೂ ತಲೆಕೆಳಗು. ಇಲ್ಲಿಯ ಜನ ದೊಡ್ಡ ಸ್ಪೀಕರ್ ಗೋಡೆಗೆ ‘ಡಾಲ್ಬಿ’ ಎನ್ನುತ್ತಾರೆ. ಅಮೆರಿಕದ ಕಂಪನಿಯೊಂದರ ಹೆಸರು ಬೆಳಗಾವಿಯಿಂದ ಸಾಂಗಲಿಯ ತನಕ ಕಿವಿಗಡಚಿಕ್ಕುವ ಸದ್ದಿನ ಹೆಸರಾಗಿದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಕೊಲ್ಹಾಪುರದ ವಿಸರ್ಜನೆಯ ಮೆರವಣಿಗೆ ಪಾಪಾಚಿ ತಿಕಟಿ ದಾಟುವಾಗ ಆ ಅಂಕಿಗಳನ್ನು ನೆನೆಯುವವರು ಕಡಿಮೆ. ಡಾಲ್ಬಿಯ ಮುಂದೆ ಹಾಡು ಕೇಳುವುದಿಲ್ಲ, ಎದೆಗೆ ಬಡಿಯುತ್ತದೆ. ಹಲಗಿ, ಲೇಜಿಮ್, ಝಾಂಜ್ ಪಥಕಗಳನ್ನು ಕರೆಸುವ ಮಂಡಳಿಗಳ ಮುಂದೆಯೇ ಮುದುಕರೂ ಮಕ್ಕಳೂ ನಿಲ್ಲುವುದು.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಊರಿನ ಗಟ್ಟಿ ಕೇಳುಗರು ವರ್ಷಕ್ಕೊಮ್ಮೆ ಎದುರಾಗುವ ಜಾಗ ಮಿರಜು. ಕೊಲ್ಹಾಪುರದಿಂದ ರೈಲಿನಲ್ಲಿ 47 ಕಿಲೋಮೀಟರ್. ಪಂಢರಪುರ ಸೀಮೆಯ ಸೋರೆಬುರುಡೆ ತರಿಸಿ ಸಿತಾರ, ತಂಬೂರಿ ಮಾಡುವ ಶಿಕಲಗಾರ ಮನೆತನಗಳ ಊರದು. ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಅಬ್ದುಲ್ ಕರೀಂ ಖಾನರು 1937ರಲ್ಲಿ ತಮಿಳುನಾಡಿನ ರೈಲು ನಿಲ್ದಾಣವೊಂದರಲ್ಲಿ ತೀರಿಕೊಂಡಾಗ ಅವರನ್ನು ತಂದು ಮಣ್ಣು ಮಾಡಿದ್ದು ಇಲ್ಲಿಯ ಮೀರಾಸಾಹೇಬ ದರ್ಗಾದಲ್ಲಿ. ಉರುಸಿನ ಹೊತ್ತಿಗೆ ಅಲ್ಲಿಯ ಹುಣಸೆ ಮರದ ಕೆಳಗೆ ರಾತ್ರಿಯಿಡೀ ಹಾಡು ನಡೆಯುತ್ತದೆ. ಹಾಡುವವರು ಅದನ್ನು ಸೇವೆಯೆಂದು ಹಾಡುತ್ತಾರೆ. ಕೇಳುವವರು ನೆಲದ ಮೇಲೆ ಕೂರಬೇಕು, ಟಿಕೇಟಿಲ್ಲ.